ಚೊಂಬು ಕಲಿಸಿದ ಜಪಾನಿ

ನಮ್ಮ ಬಾತ್‌ರೂಮಿನಲ್ಲಿ ಒಂದು ಸ್ಟೀಲ್ ಚೊಂಬಿದೆ. ನ್ಯೂಜಿಲೆಂಡಿಗೆ ಹೊರಟಾಗ ಅಮ್ಮ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ತುರುಕಿದ್ದು. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದ ಅಧಿಕಾರಿ ಸಾರಿನ ಪುಡಿಯನ್ನು ಮೂಸಿ, ಎರಡು ಸಲ ಸೀನಿ, ವಾಪಸು ಕೊಟ್ಟ. ಚೊಂಬನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿ, “ಹೂದಾನಿಯೇ? ಚೆನ್ನಾಗಿದೆ” ಎಂದ. ನಾನು “ಹೌದು” ಅಂದುಬಿಟ್ಟೆ. ಹೊಸ ದೇಶದಲ್ಲಿ ನಾನು ಆಡಿದ ಮೊದಲ ಮಾತೇ ಸುಳ್ಳು.

ಸುಳ್ಳು ಹುಟ್ಟಿಸಿದ ಮೇಲೆ ಅದನ್ನು ಸಾಕಬೇಕಾಗುತ್ತದೆ. ಇಲ್ಲಿನವರು ಯಾರಾದರೂ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆಂದರೆ ನಾನು ಆ ಚೊಂಬನ್ನು ಸೋಪಿನ ಪುಡಿ ಹಾಕಿ ತಿಕ್ಕಿ ಬೆಳಗಿ, ಎರಡು ಪ್ಲಾಸ್ಟಿಕ್ ಗುಲಾಬಿ ಸಿಕ್ಕಿಸಿ, ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದೆ. ಬಕೆಟ್ಟು ಗರಾಜಿಗೆ ಹೋಗುತ್ತಿತ್ತು. ಅತಿಥಿಗಳು ಅತ್ತ ಹೋದೊಡನೆ ಗುಲಾಬಿ ಡ್ರಾಯರಿಗೆ, ಚೊಂಬು ಬಕೆಟ್ಟಿಗೆ. ಶವರ್ ಇರುವಾಗ ಇವೆಲ್ಲ ಯಾಕೆ ಎಂದು ನೀವು ಕೇಳುವುದಿಲ್ಲ, ನನಗೆ ಗೊತ್ತು. ತಲೆಯ ಮೇಲೆ ಒಂದು ಚೊಂಬು ಬಿಸಿನೀರು ದಬದಬನೆ ಬೀಳದೆ ಸ್ನಾನ ಮುಗಿಯಿತು ಎಂದು ನಮ್ಮ ಮೈ ಒಪ್ಪುವುದಿಲ್ಲ. ನನ್ನ ಮಗಳು ಅನಘಾ ಮಾತ್ರ ಇದನ್ನೆಲ್ಲ ನೋಡಿ “ಸೋ ಎಂಬರಾಸಿಂಗ್, ಅಮ್ಮಾ” ಎನ್ನುತ್ತಿದ್ದಳು. ಅವಳಿಗೆ ನಾಚಿಕೆ ಚೊಂಬಿನದೋ ಗುಲಾಬಿಯದೋ ನಾನು ಕೇಳಲಿಲ್ಲ.

ಈ ಚೊಂಬೇ ನನಗೆ ಜಪಾನಿ ಭಾಷೆ ಕಲಿಸಿತು ಎಂದರೆ ನೀವು ನಗುತ್ತೀರಿ. ನಗಿ. ಆದರೆ ಪೂರ್ತಿ ಕೇಳಿ.

ಅದು ಎರಡು ಸಾವಿರದ ಹದಿನಾಲ್ಕನೇ ಇಸವಿ. ಮೈಸೂರಿನಲ್ಲಿ ನರ್ಸಿಂಗ್ ಓದಿದ ನಾನು ಗಂಡನ ಕೆಲಸದ ಬಾಲ ಹಿಡಿದು ಲೋವರ್ ಹಟ್ ಎಂಬ ಊರಿಗೆ ಬಂದು, ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದೆ. ವೃದ್ಧಾಶ್ರಮ ಎಂದೊಡನೆ ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಬುಧವಾರ ಬಿಂಗೊ ಆಟ, ಶುಕ್ರವಾರ ಸಂಜೆ ಒಂದೊಂದು ಪುಟ್ಟ ಗ್ಲಾಸು ಶೆರ್ರಿ, ಶನಿವಾರ ರಗ್ಬಿ ನೋಡುತ್ತಾ ಟೀವಿಗೆ ಬೈಗುಳ. ನನ್ನ ನೆಂಟರಿಷ್ಟರಿಗಿಂತ ಅಲ್ಲಿನ ಮುದುಕರಿಗೇ ಪುರುಸೊತ್ತು ಕಡಿಮೆ.

ಹನ್ನೆರಡನೇ ಕೋಣೆಯಲ್ಲಿ ಫುಮಿಕೊ ಎಂಬ ಜಪಾನಿ ಹೆಂಗಸು ಇದ್ದರು. ಎಂಬತ್ತಾರು ವರ್ಷ, ಹಿಡಿಯಷ್ಟು ಮೈ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿಗೆ ಹೋಗಿದ್ದ ಇಲ್ಲಿನ ಸೈನಿಕನೊಬ್ಬನ ಕೈಹಿಡಿದು ಬಂದವರು. ಅರವತ್ತು ವರ್ಷ ಇಂಗ್ಲಿಷಿನಲ್ಲೇ ಸಂಸಾರ ಮಾಡಿದ್ದರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಆಮೇಲೆ ಮರೆವಿನ ಕಾಯಿಲೆ ಬಂತು. ಬಂದದ್ದೇ, ಕಡೆಗೆ ಬಂದ ನೆಂಟರು ಮೊದಲು ಎದ್ದು ಹೋದ ಹಾಗೆ, ಇಂಗ್ಲಿಷ್ ಹೊರಟುಹೋಯಿತು. ಜಪಾನಿ ಒಂದೇ ಉಳಿಯಿತು.

ಅವರ ಮಗ ಕೆನ್, ಅರವತ್ತರ ಹತ್ತಿರದ ಪ್ಲಂಬರ್. ಹಿರಿಯರಾದ್ದರಿಂದ “ಬಂದರು ಹೋದರು” ಎಂದು ಬರೆಯಬೇಕಿತ್ತು. ಆದರೆ ಆತನಿಗೆ ಬಹುವಚನ ಹಚ್ಚಿದರೆ ತನ್ನ ಹಿಂದೆ ಇನ್ಯಾರು ನಿಂತಿದ್ದಾರೆ ಎಂದು ತಿರುಗಿ ನೋಡುವ ಜನ ಅದು. ದಿನಾ ಮಧ್ಯಾಹ್ನ ಮೂರಕ್ಕೆ ಪೈಪುಗಳನ್ನು ಹೇರಿದ ತನ್ನ ಯೂಟ್ ಗಾಡಿಯನ್ನು ಹೊರಗೆ ನಿಲ್ಲಿಸಿ, ಕೆಸರು ಬೂಟನ್ನು ಬಾಗಿಲಲ್ಲಿ ಕಳಚಿ, ಬರೀ ಕಾಲುಚೀಲದಲ್ಲಿ ಬರುತ್ತಿದ್ದ. ತಾಯಿಯ ಕೈ ಹಿಡಿದು ಕೂರುತ್ತಿದ್ದ. ಅವರು ಜಪಾನಿಯಲ್ಲಿ ಏನೇನೋ ಹೇಳುತ್ತಿದ್ದರು. ಇವನು “ಯೆಸ್ ಮಮ್, ಯೆಸ್ ಮಮ್” ಎನ್ನುತ್ತಿದ್ದ.

“ನಿನಗೆ ಅರ್ಥ ಆಗುತ್ತಾ?” ಎಂದು ಒಂದು ದಿನ ಕೇಳಿದೆ.

“ಒಂದಕ್ಷರ ಇಲ್ಲ” ಎಂದ. “ಯುದ್ಧ ಮುಗಿದು ಇನ್ನೂ ಬಹಳ ವರ್ಷ ಆಗಿರಲಿಲ್ಲ ನೋಡು. ಶಾಲೇಲಿ ನನ್ನನ್ನ ಕಾಡಿಸ್ತಾರೆ ಅಂತ ಅವಳಿಗೆ ಭಯ. ಮನೇಲಿ ಇಂಗ್ಲಿಷ್ ಮಾತ್ರ ಅಂತ ಅವಳೇ ಕಾನೂನು ಮಾಡಿದ್ದು. ಈಗ ದಿನವಿಡೀ ನನ್ನ ಹತ್ತಿರ ಮಾತಾಡ್ತಾಳೆ. ಇಷ್ಟು ಮಾತು ಅವಳು ಯಾವತ್ತೂ ಆಡಿದವಳಲ್ಲ.”

ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಅನಘಾ ನನಗೆ ನೆನಪಾದಳು.

ತೊಂದರೆ ಇದ್ದದ್ದು ಸ್ನಾನದಲ್ಲಿ. ಎತ್ತರದ ಗಾಲಿಕುರ್ಚಿಯಲ್ಲಿ ಕೂರಿಸಿ, ಕೈಶವರಿನಿಂದ ನೀರು ಬಿಡುವುದು ಅಲ್ಲಿನ ಪದ್ಧತಿ. ಉಳಿದವರೆಲ್ಲ ಹಾಯಾಗಿ ಮಾಡಿಸಿಕೊಳ್ಳುತ್ತಿದ್ದರು. ಫುಮಿಕೊ ಮಾತ್ರ ಶವರಿನ ಸದ್ದು ಕೇಳಿದರೆ ಚೀರುತ್ತಿದ್ದರು, ಪರಚುತ್ತಿದ್ದರು. ಕುರ್ಚಿಯಿಂದ ಕೆಳಗಿಳಿಯಲು ಹೋಗಿ ಎರಡು ಸಲ ಬೀಳುವುದರಲ್ಲಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿ ಎಷ್ಟು ದಿನ ದೂಡುವುದು? ಚರ್ಮ ಕೆಂಪಾಗಿ ಹುಣ್ಣಿಗೆ ತಿರುಗುತ್ತಿತ್ತು. ನಮ್ಮ ಮ್ಯಾನೇಜರ್ ಜೂಡಿ ಒಳ್ಳೆಯವಳು, ಅವಳಿಗೂ ಬೇಜಾರೇ. ಆದರೆ ಇದು ಹೀಗೇ ಮುಂದುವರಿದರೆ ಉತ್ತರಕ್ಕೆ ಎರಡು ಗಂಟೆ ದೂರದ ಊರಿನಲ್ಲಿ ಮರೆವಿನವರಿಗೆಂದೇ ಇರುವ ವಿಭಾಗಕ್ಕೆ ಕಳಿಸಬೇಕಾಗುತ್ತದೆ ಎಂದು ಕೆನ್‌ಗೆ ಹೇಳಿದಳು. ಅಲ್ಲಿಗೆ ಹೋದರೆ ದಿನದಿನದ ಮೂರು ಗಂಟೆಯ ಭೇಟಿ ತಿಂಗಳಿಗೊಂದಾಗುತ್ತಿತ್ತು. ಕೆನ್ ಬೂಟು ಹಾಕಿಕೊಂಡ. ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡು, ಮತ್ತೆ ಬಿಚ್ಚಿ ಸರಿಮಾಡಿಕೊಂಡ.

ಅವತ್ತೇ ನಾನು ಜಪಾನಿ ಕಲಿಯುವ ತೀರ್ಮಾನಕ್ಕೆ ಬಂದೆ. ಅರ್ಧ ಕರುಣೆ, ಅರ್ಧ ಜಂಬ. ಕನ್ನಡ, ತಮಿಳು, ಹಿಂದಿ, ಇಂಗ್ಲಿಷು ಬರುವವಳಿಗೆ ಇದೊಂದು ಏನು ಮಹಾ ಎಂಬ ಜಂಬ. ಗಂಡ ರಮೇಶ ಊಟದ ಮೇಜಿನಲ್ಲಿ ಕಾಲೆಳೆದರು.

“ಏನೇ ಇದು, ಕನ್ನಡ ಕೂಟದ ಮೀಟಿಂಗಿಗೆ ಬಾ ಅಂದ್ರೆ ಟೈಮಿಲ್ಲ ಅಂತೀಯ. ಜಪಾನಿ ಕ್ಲಾಸಿಗೆ ಎಲ್ಲಿಂದ ಬಂತು ಟೈಮು?”

“ಕೂಟದಲ್ಲಿ ಬಿಸಿಬೇಳೆ ಭಾತ್ ಬಡಿಸೋಕೆ ಮಾತ್ರ ನನ್ನ ಕರೀತೀರ. ಕ್ಲಾಸಲ್ಲಿ ನನಗೆ ಪಾಠ ಹೇಳಿಕೊಡ್ತಾರೆ” ಎಂದೆ.

ಮಂಗಳವಾರ ಸಂಜೆ ಆರಕ್ಕೆ ಒಂದು ಶಾಲೆಯ ಕೋಣೆಯಲ್ಲಿ ತರಗತಿ. ಮಕ್ಕಳ ಕುರ್ಚಿಗಳು, ಮೊಣಕಾಲು ಗಲ್ಲಕ್ಕೆ ಮುಟ್ಟುತ್ತಿತ್ತು. ನನ್ನ ಪಕ್ಕ ಬ್ರೂಸ್ ಎಂಬ ನಿವೃತ್ತ ಕುರಿ ಸಾಕಣೆಗಾರ, ಜಪಾನಿನ ಹಿಮದಲ್ಲಿ ಸ್ಕೀ ಆಡಬೇಕೆಂದು ಎಪ್ಪತ್ತನೇ ವಯಸ್ಸಿನಲ್ಲಿ ಬಂದವನು. ಕಲಿಸುವವರು ಹಿರೋಕೊ, ನಾವೆಲ್ಲ ಗುರು ಎಂಬ ಅರ್ಥದಲ್ಲಿ ಸೆನ್ಸೇ ಎನ್ನಬೇಕು. ಮೊದಲ ದಿನ ಅವರು ಹಲಗೆಯ ಮೇಲೆ ಅಕ್ಷರ ಬರೆದು ಓದಿದರು: ಅ ಇ ಉ ಎ ಒ. ಕ ಕಿ ಕು ಕೆ ಕೊ. ನನಗೆ ಮೈ ಜುಮ್ಮೆಂದಿತು. ಇದು ನಮ್ಮ ಕಾಗುಣಿತ! ನಂಜನಗೂಡಿನ ಶಾಲೆಯಲ್ಲಿ ಸ್ಲೇಟು ಉಜ್ಜಿ ಉಜ್ಜಿ ಕಲಿತದ್ದು. ನಡುವೆ ಒಂದೆರಡು ಅಕ್ಷರ ಅಡ್ಡದಾರಿ ಹಿಡಿಯುತ್ತವೆ, ಅದು ಬೇರೆ ಮಾತು. ಬ್ರೂಸ್ ಪ್ರತಿ ಅಕ್ಷರದ ಪಕ್ಕ ಇಂಗ್ಲಿಷಿನಲ್ಲಿ ಉಚ್ಚಾರ ಬರೆಯಲು ಹೆಣಗುತ್ತಿದ್ದ, ಬರೆದದ್ದನ್ನು ಅಳಿಸುತ್ತಿದ್ದ. ನಾನು ಪಕ್ಕದಲ್ಲಿ ದುಂಡಗೆ ಕನ್ನಡದಲ್ಲಿ ಬರೆದುಕೊಂಡು ಪೆನ್ನು ಕೆಳಗಿಟ್ಟು ಕಿಟಕಿಯಾಚೆ ನೋಡುತ್ತಾ ಕುಳಿತೆ.

ವಾಕ್ಯ ಕಟ್ಟುವಾಗಲಂತೂ ನನ್ನನ್ನು ಹಿಡಿಯುವವರೇ ಇಲ್ಲ. ಅವರಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಊಟದ ಕೊನೆಗೆ ಮೊಸರನ್ನ ಬಂದ ಹಾಗೆ. ಬ್ರೂಸ್ ಮೊಸರನ್ನದಿಂದಲೇ ಶುರುಮಾಡುತ್ತಿದ್ದ. ಸೆನ್ಸೇ ನನ್ನನ್ನು ನೋಡಿ, “ಸುಮಾ ಸಾನ್, ಮೊದಲು ಎಲ್ಲಾದರೂ ಜಪಾನಿ ಕಲಿತಿದ್ದಿರಾ?” ಎಂದರು.

“ಇಲ್ಲ ಸೆನ್ಸೇ. ಕನ್ನಡ ಕಲಿತಿದ್ದೆ” ಎಂದೆ. ಜೀವಮಾನದಲ್ಲಿ ನಾನು ಕೊಟ್ಟ ಉತ್ತರಗಳಲ್ಲಿ ಇಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ಆ ಸಂಜೆ ಹಟ್ ಕಣಿವೆಯ ಗಾಳಿ ಕೊಡೆಯನ್ನು ಉಲ್ಟಾ ಮಾಡಿದರೂ ನಾನು ಮಹಾರಾಣಿಯ ಗತ್ತಿನಲ್ಲೇ ನಡೆದು ಮನೆಗೆ ಬಂದೆ.

ಜಂಬಕ್ಕೆ ಪೆಟ್ಟು ಬೀಳಲು ಮೂರು ವಾರ ಹಿಡಿಯಿತು. ಆ ಹೊತ್ತಿಗೆ ನೆಂಟಸ್ತಿಕೆಯ ಪದಗಳು ಬಂದಿದ್ದವು. ಬೆಳಿಗ್ಗೆ ಹನ್ನೆರಡನೇ ಕೋಣೆಗೆ ಹೋಗಿ, ಸೊಂಟ ಬಗ್ಗಿಸಿ, ಶುಭೋದಯ ಹೇಳಿ, ಪ್ರೀತಿಯಿಂದ “ಒಬಾಸಾನ್” ಎಂದೆ. ಅಜ್ಜೀ ಎಂದ ಹಾಗೆ. ನಮ್ಮಲ್ಲಿ ಹಾಲು ಮಾರುವವಳೂ ಅಜ್ಜಿ, ಬಸ್ಸಿನಲ್ಲಿ ಪಕ್ಕ ಕೂತವಳೂ ಅಜ್ಜಿ. ಫುಮಿಕೊ ನನ್ನನ್ನು ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿಕೊಂಡರು. ಎರಡು ದಿನ ನನ್ನ ಕೈಯಿಂದ ಟೀ ಮುಟ್ಟಲಿಲ್ಲ.

ತರಗತಿಯಲ್ಲಿ ಇದನ್ನು ಹೇಳಿದಾಗ ಸೆನ್ಸೇ ನಕ್ಕರು. “ಅವರ ಮೊಮ್ಮಗಳೇ ನೀವು? ಎಲ್ಲರೂ ಕೋಪ ಮಾಡಿಕೊಳ್ಳೋದಿಲ್ಲ, ಆದರೆ ನರ್ಸ್ ಹಾಗೆ ಕರೆದರೆ ‘ನಿನಗೆ ವಯಸ್ಸಾಯ್ತು, ಸುಮ್ಮನೆ ಬಿದ್ದಿರು’ ಅಂದ ಹಾಗೆ ಕೇಳಿಸಬಹುದು. ಅವರಿಗೆ ಒಂದು ಹೆಸರಿದೆಯಲ್ಲ? ಹೆಸರಿಗೆ ಗೌರವದ ಸಾನ್ ಸೇರಿಸಿ ಸಾಕು.”

ಹೆಸರು ಹಿಡಿದು ಕರೆಯುವುದೇ! ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಎಂಬತ್ತಾರರ ಹಿರಿಯರ ಹೆಸರು ನಾಲಿಗೆಯ ಮೇಲೆ ಬರಲು ಕನ್ನಡಿಯ ಮುಂದೆ ಅಭ್ಯಾಸ ಮಾಡಬೇಕಾಯಿತು. ಮಾರನೇ ದಿನ ಬಾಗಿಲಲ್ಲಿ ನಿಂತು “ಫುಮಿಕೊ ಸಾನ್” ಎಂದೆ. ಅವರು ತಿರುಗಿದರು. ಎದ್ದು ಕುಳಿತು, ಕತ್ತುಪಟ್ಟಿ ಸರಿಮಾಡಿಕೊಂಡು, “ಹಾಯ್” ಎಂದರು. ಅವರ ಭಾಷೆಯಲ್ಲಿ ಓಗೊಡುವುದು ಹಾಗೆ. ಟೀ ಕಪ್ಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಆದರೆ ಸ್ನಾನ? ಶವರಿನ ಕುರ್ಚಿ ಕಂಡೊಡನೆ ಅದೇ ಚೀರಾಟ. “ಬಿಸಿನೀರು”, “ಹೆದರಬೇಡಿ”, “ಬೇಗ ಮುಗಿಸುತ್ತೇನೆ” ಎಲ್ಲವನ್ನೂ ಜಪಾನಿಯಲ್ಲೇ ಹೇಳಿದೆ. ಒಂದೂ ನಾಟಲಿಲ್ಲ. ಭಾಷೆ ಬಂದರೆ ಕೆಲಸ ಆಗಿಬಿಡುತ್ತದೆ ಎಂದುಕೊಂಡಿದ್ದೆ. ಜೂಡಿ ತಿಂಗಳ ಕೊನೆಯವರೆಗೆ ನೋಡೋಣ ಎಂದಳು.

ಮುಂದಿನ ವಾರದ ಪಾಠ ಜಪಾನಿನ ಮನೆಯ ಬಗ್ಗೆ. ಸೆನ್ಸೇ ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಹಳೇ ಕಾಲದ ಬಚ್ಚಲು. ಒಂದು ಮೂಲೆಯಲ್ಲಿ ನೀರಿನ ತೊಟ್ಟಿ. ನೆಲದ ಮೇಲೆ ಗೇಣೆತ್ತರದ ಮರದ ಮಣೆ, ಪಕ್ಕದಲ್ಲಿ ಮೊಗೆಯಲು ಪುಟ್ಟ ಬೋಗುಣಿ. “ಮೊದಲು ಈ ಮಣೆಯ ಮೇಲೆ ಕೂತು, ಮೊಗೆದು ಮೊಗೆದು ಮೈಗೆ ಸುರಿದುಕೊಂಡು ತೊಳೀಬೇಕು. ಆಮೇಲೆ ತೊಟ್ಟಿಗೆ ಇಳಿಯೋದು” ಎಂದರು. “ಅಷ್ಟು ತಗ್ಗಿನಲ್ಲಿ ಕೂರೋದಾ?” ಎಂದು ತರಗತಿ ನಕ್ಕಿತು. ನಾನು ಮಾತ್ರ ಮಕ್ಕಳ ಕುರ್ಚಿಯಿಂದ ಎದ್ದು ನಿಂತು, ಅಪ್ಪಟ ಕನ್ನಡದಲ್ಲಿ, “ಅಯ್ಯೋ, ಇದು ನಮ್ಮ ಬಚ್ಚಲುಮಣೆ!” ಎಂದು ಕೂಗಿದೆ.

ನಂಜನಗೂಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಅದರಲ್ಲಿ ಇದ್ದುದರಲ್ಲೇ ಬೆಚ್ಚಗಿನ ಜಾಗ ಬಚ್ಚಲು. ಭಾನುವಾರ ಅಜ್ಜಿ ಸೆರಗು ಸಿಕ್ಕಿಸಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ಮಣೆಯ ಮೇಲೆ ಕೂರಿಸಿ ಎಣ್ಣೆ ತಿಕ್ಕುತ್ತಿದ್ದಳು. ಸೀಗೆಪುಡಿ ಕಣ್ಣಿಗೆ ಹೋಗಿ ನಾವು ಬೊಬ್ಬೆ ಹಾಕಿದಷ್ಟೂ ಅವಳ ಕೈ ಚುರುಕು. ಆದರೂ ಒಂದು ಸಮಾಧಾನ ಇತ್ತು. ಚೊಂಬು ಹಂಡೆಗೆ ಮುಳುಗುವ ಗುಡುಕ್ ಸದ್ದು ಕೇಳುತ್ತಿತ್ತು, ಈಗ ನೀರು ಬರುತ್ತದೆ ಎಂದು ಗೊತ್ತಾಗುತ್ತಿತ್ತು, ಕಣ್ಣು ಮುಚ್ಚುತ್ತಿದ್ದೆವು, ನೀರು ಬರುತ್ತಿತ್ತು. ಹೇಳದೆ ಕೇಳದೆ ಮುಖಕ್ಕೆ ರಾಚುವ ಶವರಿಗೆ ಈ ಸೌಜನ್ಯ ಎಲ್ಲಿಂದ ಬರಬೇಕು? ಫುಮಿಕೊ ಸಾನ್‌ಗೆ ಬೇಡವಾಗಿದ್ದದ್ದು ಸ್ನಾನವಲ್ಲ, ನಾವು ಮಾಡಿಸುತ್ತಿದ್ದ ರೀತಿ. ಇದು ನಾಲ್ಕು ಭಾಷೆ ಬಲ್ಲ ನನಗೆ ಹೊಳೆಯಲು ಅಷ್ಟು ದಿನ ಬೇಕಾಯಿತು.

ಬೆಳಗಾದೊಡನೆ ಜೂಡಿಯ ಮುಂದೆ ನಿಂತೆ. “ನೆಲದ ಹತ್ತಿರ ಕೂರಿಸೋದಾ? ಸುಮಾ, ಹೆಲ್ತ್ ಅಂಡ್ ಸೇಫ್ಟಿ!” ಎಂದಳು. ನಮ್ಮ ಹಿರಿಯರು ಕೂತರೆ ನಿಂತರೆ ಶಿವಶಿವಾ ಎಂದ ಹಾಗೆ ಇಲ್ಲಿನವರಿಗೆ ಅದೊಂದು ಮಂತ್ರ. ನಾನು ಜಗ್ಗಲಿಲ್ಲ. ಫಿಸಿಯೋಥೆರಪಿಯವಳನ್ನು ಕರೆಸಿ, ಎಷ್ಟು ಎತ್ತರವಾದರೆ ಅವರನ್ನು ಇಬ್ಬರು ಸುಲಭವಾಗಿ ಎಬ್ಬಿಸಬಹುದು ಎಂದು ಅಳತೆ ತೆಗೆಸಿದೆ. ಅಂಥ ಮಣೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೆನ್‌ಗೆ ಹೇಳಿದೆ. ಇಲ್ಲಿನ ಗಂಡಸರಿಗೆ ಗರಾಜೇ ದೇವರಮನೆ. ಬೇಲಿಯಿಂದ ತೆಗೆದಿಟ್ಟಿದ್ದ ಹಳೇ ಮರ ಹುಡುಕಿ, ಕೊಯ್ದು, ನಯಮಾಡಿ, ಎರಡು ಪಕ್ಕ ಹಿಡಿ, ಕೆಳಗೆ ರಬ್ಬರ್ ಪಾದ ಕೂರಿಸಿ ಎರಡೇ ದಿನದಲ್ಲಿ ತಂದ. ಜೂಡಿ ಮೊದಲು ಕೈಯಿಂದ ಅಲ್ಲಾಡಿಸಿದಳು. ಆಮೇಲೆ ತನ್ನ ದೊಡ್ಡ ಮೈಯನ್ನು ತಾನೇ ಅದರ ಮೇಲಿಟ್ಟು ಪರೀಕ್ಷಿಸಿದಳು. ಮಣೆ ಕಿರ್ ಎನ್ನಲಿಲ್ಲ. ಕೂತಲ್ಲೇ ರುಜು ಹಾಕಿದಳು.

ಮಾರನೇ ದಿನ ನಾನು ನನ್ನ ಚೊಂಬನ್ನು ಚೀಲದಲ್ಲಿ ಮುಚ್ಚಿಡದೆ, ಕೈಯಲ್ಲೇ ಹಿಡಿದು, ಬಸ್ಸಿನಲ್ಲಿ ಎಲ್ಲರೆದುರು ಮಡಿಲಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. “ಹೂದಾನಿಯಾ?” ಎಂದು ಪಕ್ಕದವಳು ಕೇಳಿದಳು. “ಅಲ್ಲ, ಸ್ನಾನದ ಚೊಂಬು. ನಮ್ಮ ದೇಶದ್ದು” ಎಂದೆ. ಅವಳು “ಓ, ಲವ್ಲಿ” ಎಂದಳು. ಅಷ್ಟೇ. ಎಂಟು ವರ್ಷ ಆ ಪ್ಲಾಸ್ಟಿಕ್ ಗುಲಾಬಿಗಳ ಧೂಳು ಒರೆಸಿದ್ದು ಯಾಕೋ ನನಗೇ ತಿಳಿಯಲಿಲ್ಲ.

ಮಧ್ಯಾಹ್ನ ಎರಡೂವರೆ. ಬಚ್ಚಲಿನ ಹೀಟರ್ ಹಾಕಿ, ಎರಡು ಬಕೆಟ್ ಬಿಸಿನೀರು ತುಂಬಿಸಿದೆ. ನನ್ನ ಜೊತೆ ಕೆಲಸ ಮಾಡುವ, ಸಮೋವಾ ದ್ವೀಪದ ಸೀನಾ ಇದ್ದಳು, ಎತ್ತುವುದಕ್ಕೆ ಗಟ್ಟಿ ಕೈ. ಶವರನ್ನು ಟವೆಲಿನಿಂದ ಮುಚ್ಚಿದೆವು. ಫುಮಿಕೊ ಸಾನ್ ಸೀನಾಳ ತೋಳು ಹಿಡಿದು ಬಾಗಿಲಿಗೆ ಬಂದು ನಿಂತರು. ಮಣೆ ನೋಡಿದರು. ಬಕೆಟ್ಟಿನ ಹಬೆ ನೋಡಿದರು. ಅವರು ನಿಧಾನಕ್ಕೆ ಒಳಗೆ ಬಂದು, ನಾವು ಹೇಳುವ ಮೊದಲೇ, ಬೆನ್ನು ನೆಟ್ಟಗೆ ಮಾಡಿ ಮಣೆಯ ಮೇಲೆ ಕುಳಿತರು. ಚೊಂಬನ್ನು ಕೈಗೆ ಕೊಟ್ಟೆ. ನೀರಿಗೆ ಬೆರಳಿಟ್ಟು ನೋಡಿ, ಒಂದು ಚೊಂಬು ಮೊಗೆದು, ತಮ್ಮ ಎಡ ಹೆಗಲ ಮೇಲೆ ತಾವೇ ಸುರಿದುಕೊಂಡರು. ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟರು.

“ಬಿಸಿ ಹೆಚ್ಚಾಯಿತೇ?” ಎಂದು ಅವರ ಭಾಷೆಯಲ್ಲಿ ಕೇಳಿದೆ.

ಹದವಾಗಿದೆ ಎಂದರು. ಆಮೇಲೆ ಬೆನ್ನುಜ್ಜುವ ಬಟ್ಟೆಯನ್ನು ನನ್ನ ಕಡೆ ಚಾಚಿ, ಬೆನ್ನು ತಿರುಗಿಸಿದರು. ನಾನು ಉಜ್ಜಿದೆ. ಸೀನಾ ಸದ್ದಿಲ್ಲದೆ ಕಣ್ಣೊರೆಸಿಕೊಂಡಳು. ನಾನೂ ಅಳುತ್ತಿದ್ದೆ, ಆದರೆ ಅಷ್ಟು ನೀರಿನಲ್ಲಿ ಯಾರಿಗೆ ತಿಳಿಯಬೇಕು.

ಎರಡನೇ ಬಕೆಟ್ಟು ಅರ್ಧವಾದಾಗ ಅವರು ನನ್ನ ಕೈ ತಡೆದು ಏನೋ ಹೇಳಿದರು. ಮಾತು ಕಿವಿಗೆ ಬಿದ್ದದ್ದೂ ಅರ್ಥವಾದದ್ದೂ ಒಟ್ಟಿಗೇ. ಮನಸ್ಸಿನಲ್ಲಿ ಪುಸ್ತಕ ತಿರುವಿ ಹಾಕಬೇಕಾಗಲಿಲ್ಲ. “ನೀರು ಉಳಿಸು. ಕೆನ್‌ದು ಇನ್ನೂ ಆಗಿಲ್ಲ.” ನಮ್ಮಜ್ಜಿ ದಿನಾ ಹೇಳುತ್ತಿದ್ದದ್ದೂ ಇದನ್ನೇ, ಹಂಡೆ ಖಾಲಿ ಮಾಡಬೇಡ, ನಿಮ್ಮಪ್ಪನದು ಇನ್ನೂ ಆಗಿಲ್ಲ ಎಂದು. ಅಂದು ನನಗಾದ ಹೆಮ್ಮೆ ನರ್ಸಿಂಗ್ ಪಾಸಾದ ದಿನವೂ ಆಗಿರಲಿಲ್ಲ. ಒಂದು ಪರಭಾಷೆಯ ಇಡೀ ಮಾತು ನನಗೆ ನಮ್ಮ ಮನೆಯ ಮಾತಾಗಿಯೇ ಕೇಳಿಸಿತ್ತು.

ಒಣ ಬಟ್ಟೆ ಉಡಿಸಿ ಕೋಣೆಗೆ ಕರೆತಂದಾಗ ಕೆನ್ ಕಾಲುಚೀಲದಲ್ಲಿ ಬಾಗಿಲ ಬಳಿ ನಿಂತಿದ್ದ. ತಾಯಿಯ ಕೆಂಪಗಾದ ಕೆನ್ನೆ ನೋಡಿದ. ನನ್ನ ಒದ್ದೆ ಯೂನಿಫಾರ್ಮ್ ನೋಡಿದ.

“ನಿನಗೆ ನೀರು ಉಳಿಸಿದ್ದಾರೆ” ಎಂದೆ. “ನಿನ್ನ ಸ್ನಾನ ಇನ್ನೂ ಆಗಿಲ್ಲವಂತೆ.”

“ಅವಳು ಹಾಗಂದಳಾ? ಕೆನ್ ಅಂತ ಹೆಸರು ಹೇಳಿದಳಾ?”

“ಹೇಳಿದರು.”

ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ನಂತರ ಸೀದಾ ಬಚ್ಚಲಿಗೆ ಹೋದ. ಚೊಂಬಿನ ಸದ್ದು ಕೇಳಿಸಿತು, ಒಂದು, ಎರಡು. ತಲೆಗೆ ನೀರು ಹೊಯ್ದುಕೊಂಡು, ಅಂಗಿಯ ಕತ್ತೆಲ್ಲ ತೋಯಿಸಿಕೊಂಡು ಬಂದ. “ಸ್ನಾನ ಆಯ್ತು ಅಂತ ಹೇಗೆ ಹೇಳಬೇಕು?” ಎಂದ. ಹೇಳಿಕೊಟ್ಟೆ. “ಒಫುರೊ ಹೈತ್ತಾ ಯೊ, ಮಮ್” ಎಂದು ಸ್ಕೂಲು ಹುಡುಗನ ಹಾಗೆ ಒಪ್ಪಿಸಿದ. ಉಚ್ಚಾರ ಬ್ರೂಸ್‌ನದಕ್ಕಿಂತ ಕೆಟ್ಟದಾಗಿತ್ತು.

ಫುಮಿಕೊ ಸಾನ್ ಅವನನ್ನು ಮೇಲಿಂದ ಕೆಳಗೆ ನೋಡಿ, ಅನುಮಾನದಿಂದ ಒಂದು ಪ್ರಶ್ನೆ ಕೇಳಿದರು. “ಮಿಮಿ” ಎಂದಷ್ಟೇ ನನಗೆ ಸಿಕ್ಕಿತು. ಉಳಿದದ್ದನ್ನು ಜೋಡಿಸಿ ಕೆನ್‌ಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೈಯೆತ್ತಿ ನನ್ನನ್ನು ತಡೆದ.

“ಕಿವಿ” ಎಂದ. “ಕಿವಿ ಹಿಂದೆ ತೊಳೆದೆಯಾ ಅಂತ. ಅಪ್ಪ ಮನೇಲಿ ಇಲ್ಲದಾಗ, ಬಾಗಿಲು ಹಾಕಿಕೊಂಡು, ಹೀಗೇ ಜಪಾನಿಯಲ್ಲೇ ಕೇಳ್ತಿದ್ದಳು. ನನಗೆ ಗೊತ್ತು ಸುಮಾ. ಇದು ನನಗೆ ಗೊತ್ತು.”

ಆರಡಿ ಎತ್ತರದ ಪ್ಲಂಬರ್ ಹಾಸಿಗೆಯ ಪಕ್ಕ ಮೊಣಕಾಲೂರಿ ತಲೆ ತಗ್ಗಿಸಿದ. ತಾಯಿ ಅವನ ಬಲಗಿವಿಯನ್ನು ಮಡಿಚಿ ನೋಡಿದರು, ಎಡಗಿವಿಯನ್ನು ಮಡಿಚಿ ನೋಡಿದರು. ಆಮೇಲೆ ತಮ್ಮ ಹೆಗಲ ಮೇಲಿದ್ದ ಟವೆಲನ್ನು ತೆಗೆದು, ಅದರ ತುದಿಯನ್ನು ನಾಲಿಗೆಗೆ ತಾಗಿಸಿ, ಎಡಗಿವಿಯ ಹಿಂದೆ ಇನ್ನೊಮ್ಮೆ ಚೆನ್ನಾಗಿ ಉಜ್ಜಿದರು.